ಗಾಲಿಯ ಮೇಲಣ ಮನೆಯ ಖರ್ಚು

1957ರ ಏಪ್ರಿಲ್ 15ರಂದು ಲಂಡನ್ನಿನಿಂದ ಹೊರಟು, ಯೂರೋಪನ್ನೂ ತುರ್ಕಿ, ಇರಾನ್ ಮೊದಲಾದ ದೇಶಗಳನ್ನೂ ಹಾದು ಜೂನ್ 5ರಂದು ಕಲ್ಕತ್ತೆಯನ್ನು ಮುಟ್ಟಿದ ‘ಇಂಡಿಯಾಮನ್’ ಎಂಬ ಬಸ್ಸಿನ ವೃತ್ತಾಂತವನ್ನು ಹಿರಿಯರು ಕೇಳಿರಬಹುದು. ಅದಕ್ಕಿಂತಲೂ ನಮ್ಮ ವಿಷಯಕ್ಕೆ ಹತ್ತಿರವಾದುದು, 1968ರಲ್ಲಿ ಸಿಡ್ನಿಯನ್ನು ಬಿಟ್ಟು ಭಾರತದ ಮೂಲಕ 132 ದಿನಗಳಲ್ಲಿ ಲಂಡನ್ನನ್ನು ಸೇರಿ, ಆ ಬಳಿಕ ಕಲ್ಕತ್ತೆಗೆ ಯಾತ್ರಿಕರನ್ನು ಕರೆತರುತ್ತಿದ್ದ ‘ಆಲ್ಬರ್ಟ್’ ಎಂಬ ಎರಡಂತಸ್ತಿನ ಹಳೆಯ ಬಸ್ಸು. ಉಣ್ಣುವುದಕ್ಕೂ ಓದುವುದಕ್ಕೂ ಮಲಗುವುದಕ್ಕೂ ಎಡೆಯಿದ್ದ ಅದು ಅಕ್ಷರಶಃ ಸಂಚರಿಸುವ ಮನೆಯಾಗಿತ್ತು.

ಇಂತಹ ಮನೆಯನ್ನು ಇಂದು ಕೊಳ್ಳಬಯಸುವವರು ಮೊದಲು ಬೆಲೆಯನ್ನು ಕೇಳುತ್ತಾರೆ. ವರ್ಷವರ್ಷವೂ ಅದು ಬೇಡುವ ರಿಪೇರಿಯ ಹಣವನ್ನು ಕೇಳುವವರು ವಿರಳ. ದೊಡ್ಡ ಬಸ್ಸಿನ ಚಾಸಿಯ ಮೇಲೆ ಕಟ್ಟಿದ ಮನೆ, ಸಾಮಾನ್ಯ ವ್ಯಾನನ್ನೇ ಒಳಗಿಂದ ಮಾರ್ಪಡಿಸಿದ ಮನೆ, ಎಂಜಿನ್ನಿಲ್ಲದೆ ಕಾರಿನ ಹಿಂದೆ ಎಳೆಯಲ್ಪಡುವ ಟ್ರೈಲರ್ ಎಂಬ ಮೂರು ಬಗೆಗಳಲ್ಲಿ ಟ್ರೈಲರಿನ ಖರ್ಚೇ ಕಡಿಮೆ, ಏಕೆಂದರೆ ಕೆಡುವುದಕ್ಕೆ ಅದರಲ್ಲಿ ಎಂಜಿನ್ನಾಗಲಿ ಗೇರ್‌ಬಾಕ್ಸಾಗಲಿ ಇರುವುದಿಲ್ಲ. ವರ್ಷಕ್ಕೊಮ್ಮೆ ಗಾಲಿಯ ಬೇರಿಂಗಿಗೆ ಗ್ರೀಸ್ ತುಂಬಿ, ಬ್ರೇಕನ್ನೂ ಕೊಂಡಿಯನ್ನೂ ಪರೀಕ್ಷಿಸಿದರೆ ಅದರ ಯಂತ್ರಭಾಗದ ಸೇವೆ ಬಹುಮಟ್ಟಿಗೆ ಮುಗಿಯಿತು. ಅದನ್ನೆಳೆಯುವ ಕಾರಿನ ಕ್ಲಚ್ಚು ಬೇಗ ಸವೆಯುವುದನ್ನು ಮಾತ್ರ ಆ ಲೆಕ್ಕದಲ್ಲಿಯೇ ಬರೆದುಕೊಳ್ಳಬೇಕು.

ಎಂಜಿನ್ನಿನ ಖರ್ಚನ್ನು ಹೇಗೋ ಊಹಿಸಬಹುದು. ಮೂರು ಬಗೆಗಳಿಗೂ ಸಮಾನವಾದ ನಿಜವಾದ ಶತ್ರು ನೀರು. ಜೂನಿನಿಂದ ಸೆಪ್ಟೆಂಬರಿನವರೆಗೆ ಮಳೆ ಸುರಿದು, ಗೋಡೆಗಳೆಲ್ಲ ಬೆವರುವ ಗಂಗಾತೀರದ ಈ ಕಲ್ಕತ್ತೆಯಲ್ಲಿ ಗಾಲಿಯ ಮನೆಯ ಚಾವಣಿಯ ಸಂಧಿಗಳೇ ಅದರ ಆಯುಸ್ಸನ್ನು ನಿರ್ಣಯಿಸುತ್ತವೆ. ಒಂದು ಮಳೆಗಾಲವನ್ನು ಅಂಗಳದಲ್ಲಿ ನಿಂತೇ ಕಳೆದ ಇಂತಹ ಬಂಡಿಯೊಂದರೊಳಗೆ ಹೋಗಿ, ಕಲೆಯೊಂದೂ ಕಾಣದಿದ್ದ ಚಾವಣಿಯ ಮೂಲೆಯನ್ನು ನಾನು ಹೆಬ್ಬೆರಳಿನಿಂದ ಒತ್ತಿದೆನು. ಹಾಲಿನಲ್ಲಿ ನೆನೆದ ರೊಟ್ಟಿಯೊಳಕ್ಕೆ ಇಳಿದಂತೆ ಬೆರಳು ಪ್ಲೈವುಡ್ಡಿನೊಳಕ್ಕೆ ಇಳಿಯಿತು. ಹೊರಗೆ ಕೂದಲೆಳೆಯಷ್ಟು ಬಿರಿದಿದ್ದ ಸೀಲಂಟಿನ ಗೆರೆಯನ್ನು ಬೇಸಗೆಯಲ್ಲಿಯೇ ಕೆರೆದು ಹೊಸತಾಗಿ ಹಚ್ಚಿದ್ದರೆ ಅರ್ಧ ದಿನದ ಕೂಲಿಯಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಈಗ ಚಾವಣಿಯ ಹಲಗೆಯನ್ನೂ ಗೋಡೆಯ ಮೇಲ್ಭಾಗವನ್ನೂ ಕಳಚಬೇಕಾಗಿತ್ತು. ವ್ಯಾನಿನ ಉಕ್ಕಿನ ಮೈಗೆ ಸಂಧಿಗಳು ಕಡಿಮೆಯಾದ್ದರಿಂದ ಈ ವಿಷಯದಲ್ಲಿ ಅದು ಮೇಲು. ಆದರೆ ಬಾಗಿಲ ಕೆಳಗೂ ಚಕ್ರದ ಕಮಾನಿನಲ್ಲೂ ತುಕ್ಕು ಹತ್ತದಂತೆ ಕಾಯಬೇಕು.

ದೊಡ್ಡ ಬಸ್ಸಿನ ಮನೆಯಾದರೋ ಎರಡು ಸಂಸಾರಗಳ ಖರ್ಚನ್ನು ಒಟ್ಟಿಗೇ ಬೇಡುತ್ತದೆ. ಆರು ಟಯರುಗಳನ್ನು, ಅವು ಓಡದೆ ನಿಂತಿದ್ದರೂ ಕೆಲವು ವರ್ಷಗಳಲ್ಲಿ ರಬ್ಬರು ಬಿರಿಯುವುದರಿಂದ, ಬದಲಿಸಲೇಬೇಕು. ಗಾಳಿಯ ಬ್ರೇಕಿನ ತೊಟ್ಟಿಗಳಲ್ಲಿ ಕೂಡುವ ತೇವವನ್ನು ಆಗಾಗ ಹೊರಬಿಡಬೇಕು. ಇವಲ್ಲದೆ ಜನರೇಟರು, ನೀರಿನ ಪಂಪು, ಗ್ಯಾಸಿನ ಕೊಳವೆ, ಬ್ಯಾಟರಿಗಳು. ಇಷ್ಟಾದರೂ ಆ ಚಾಸಿ ನಮ್ಮ ದೇಶದಲ್ಲಿ ನಿತ್ಯ ಓಡುವ ಬಸ್ಸಿನದೇ ಆಗಿದ್ದರೆ ಹೆದರಬೇಕಾದುದಿಲ್ಲವೆಂದು ನನ್ನ ದೃಢವಾದ ಅಭಿಪ್ರಾಯ. ಇಲ್ಲಿನ ಮಲ್ಲಿಕ್ ಬಜಾರಿನ ಓಣಿಗಳಲ್ಲಿ, ಬಿಚ್ಚಿದ ಗೇರ್‌ಬಾಕ್ಸುಗಳೂ ಎಣ್ಣೆಯಲ್ಲಿ ಮುಳುಗಿದ ಬೇರಿಂಗುಗಳೂ ರಾಶಿರಾಶಿಯಾಗಿ ಬಿದ್ದಿರುವೆಡೆಯಲ್ಲಿ, ಹಳೆಯ ಗಾಡಿಯ ಅಂಗವನ್ನು ಕೈಯಲ್ಲಿ ಹಿಡಿದು ನಿಂತರೆ ಅದರ ಜೋಡಿಯನ್ನು ಹುಡುಕಿ ಕೊಡುವ ಕುಶಲಿಗಳಿದ್ದಾರೆ. ಕೆಟ್ಟ ಭಾಗ ಪರದೇಶದ ಗಾಡಿಯದಾದರೆ, ಮುಂದಣ ಗಾಜೊಂದು ಒಡೆದರೂ ಅದು ಹಡಗಿನಲ್ಲಿ ಖಿದಿರ್‌ಪುರದ ಬಂದರಿಗೆ ಬರುವವರೆಗೆ ಕಾಯಬೇಕು. ಗಾಜಿನ ಬೆಲೆಯೊಡನೆ ಸಾಗಾಟವೂ ಸುಂಕವೂ, ಅಷ್ಟು ದಿನ ಗಾಡಿ ನಿಂತ ಶೆಡ್ಡಿನ ಬಾಡಿಗೆಯೂ ಸೇರುತ್ತವೆ.