ನಿಮಗಿದು ಗೊತ್ತೆ? ಗೀರಿದರೂ ಅಷ್ಟೆ, ಬಿಟ್ಟರೂ ಅಷ್ಟೆ!

ಭ್ರೂಣ ನೆಲೆಯೂರಲೆಂದು ಗರ್ಭಕೋಶದ ಒಳಪದರವನ್ನು ಬೇಕೆಂದೇ ಗೀರುವ ಚಿಕಿತ್ಸೆಯೊಂದಿದೆ. ತೆಳು ಪ್ಲಾಸ್ಟಿಕ್ ನಳಿಕೆ ತೂರಿಸಿ, ತಿರುಗಿಸಿ ಎಳೆಯುತ್ತಾರೆ. ನೋವಾಗುತ್ತದೆ. ಗಾಯ ಮಾಯುವಾಗ ಪದರ ಭ್ರೂಣಕ್ಕೆ ಹದವಾಗುತ್ತದೆ ಎಂಬುದು ಲೆಕ್ಕಾಚಾರ. ಐವಿಎಫ್ (ಪ್ರನಾಳ ಶಿಶು ಚಿಕಿತ್ಸೆ) ಕೈಕೊಟ್ಟ ಮಹಿಳೆಯರಲ್ಲಿ ಇದರಿಂದ ಗರ್ಭಧಾರಣೆ ಸುಮಾರು ಇಮ್ಮಡಿಯಾಯಿತೆಂದು 2003ರಲ್ಲಿ ಇಸ್ರೇಲಿನ ಸಂಶೋಧಕರು ವರದಿ ಮಾಡಿದರು. ಪದ್ಧತಿ ಹಲವು ದೇಶಗಳಿಗೆ ಹಬ್ಬಿತು.

2019ರಲ್ಲಿ ಐದು ದೇಶಗಳ 1,364 ಮಹಿಳೆಯರ ಮೇಲಿನ ಪರೀಕ್ಷೆಯ ಫಲಿತಾಂಶ ಹೊರಬಿತ್ತು. ಗೀರಿಸಿಕೊಂಡವರಲ್ಲಿ ಮಗು ಪಡೆದವರು ಶೇ. 26.1. ಗೀರಿಸಿಕೊಳ್ಳದವರಲ್ಲೂ ಶೇ. 26.1! ಐವಿಎಫ್‌ನಲ್ಲಿ ಒಮ್ಮೆ ಸೋತು ನೊಂದ ದಂಪತಿ ಇದಕ್ಕೆ ಹಣ ಕಟ್ಟುವ ಮುನ್ನ ಈ ಅಂಕಿಯನ್ನು ವೈದ್ಯರ ಮುಂದಿಟ್ಟು ಕೇಳಲೇಬೇಕು.