ಆಕಾಶಗಂಗೆಯಲ್ಲಿ ನಮ್ಮ ನೆಲೆ

ಮೋಡವಿಲ್ಲದ ಅಮಾವಾಸ್ಯೆಯ ಇರುಳಿನಲ್ಲಿ, ಊರ ದೀಪಗಳಿಂದ ದೂರ ನಿಂತು ತಲೆಯೆತ್ತಿದವರಿಗೆ ಬಾನಿನ ಉದ್ದಕ್ಕೂ ಹರಡಿದ ಮಸುಕಾದ ಬೆಳ್ಳನೆಯ ಪಟ್ಟಿಯೊಂದು ಕಾಣುತ್ತದೆ. ನಮ್ಮ ಹಿರಿಯರು ಇದನ್ನು ಆಕಾಶಗಂಗೆ ಎಂದು ಕರೆದರು. ಗ್ರೀಕರಿಗೆ ಅದು ಹಾಲು ಚೆಲ್ಲಿದ ಹಾದಿ. ಬರಿಗಣ್ಣಿಗೆ ಬಿಡಿಬಿಡಿಯಾಗಿ ತೋರದ ಅಸಂಖ್ಯ ನಕ್ಷತ್ರಗಳ ಸಂದಣಿಯೇ ಅದು ಎಂಬುದನ್ನು 1610ರಲ್ಲಿ ಗೆಲಿಲಿಯೋ ಪ್ರಕಟಪಡಿಸಿದ. ಆದರೆ ಆ ಸಂದಣಿಯಲ್ಲಿ ನಮ್ಮ ಸೂರ್ಯನ ಸ್ಥಾನವೆಲ್ಲಿ? ಈ ಪ್ರಶ್ನೆಗೆ ಉತ್ತರ ದೊರೆಯಲು ಮತ್ತೆ ಮುನ್ನೂರು ವರ್ಷಗಳು ಬೇಕಾದುವು.

ನಾವು ಅದರ ಒಳಗೇ ಇರುವುದು ಇಲ್ಲಿನ ತೊಡಕು. ದಟ್ಟವಾದ ಕಾಡಿನೊಳಗೆ ಕದಲದೆ ನಿಂತವನು ಸುತ್ತಲಿನ ಮರಗಳನ್ನೆಣಿಸಿ ಇಡೀ ಕಾಡಿನ ನಕ್ಷೆಯನ್ನು ಬರೆಯಬೇಕಾದರೆ ಹೇಗೋ ಹಾಗೆ. ವಿಲಿಯಂ ಹರ್ಷೆಲ್ ಇಂಥ ಸಾಹಸಕ್ಕೆ ಕೈಹಾಕಿದ. ದಿಕ್ಕುದಿಕ್ಕಿನ ನಕ್ಷತ್ರಗಳನ್ನು ಎಣಿಸಿ, 1785ರಲ್ಲಿ ಅವನು ರಚಿಸಿದ ನಕ್ಷೆಯಲ್ಲಿ ಸೂರ್ಯನು ಹೆಚ್ಚುಕಡಿಮೆ ನಟ್ಟನಡುವೆ ನಿಂತಿದ್ದ. ಮಂಜು ಕವಿದ ಕಾಡಿನಲ್ಲಿ ಯಾರು ಎಲ್ಲಿ ನಿಂತರೂ ತಾನೇ ನಡುವಿನಲ್ಲಿರುವಂತೆ ತೋರುವುದು ಸಹಜ. ನಕ್ಷತ್ರಗಳ ನಡುವೆ ಹಬ್ಬಿದ ಧೂಳು ಅಂಥದೇ ಮಂಜಾಗಿ ದೂರದ ನೋಟವನ್ನು ಮರೆಮಾಡಿತ್ತೆಂಬುದನ್ನು 1930ರಲ್ಲಿ ಟ್ರಂಪ್ಲರ್ ಸಾಧಿಸಿ ತೋರಿಸಿದ.

ದೂರವನ್ನಳೆಯುವ ಕೋಲು ದೊರೆತದ್ದು ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ. ಅಲ್ಲಿ ಹೆನ್ರಿಯೆಟ್ಟಾ ಲೀವಿಟ್ ಎಂಬ ಮಹಿಳೆ, ನಕ್ಷತ್ರಗಳ ಚಿತ್ರ ಮೂಡಿದ ಗಾಜಿನ ಫಲಕಗಳನ್ನು ವರ್ಷಗಟ್ಟಲೆ ಪರಿಶೀಲಿಸುತ್ತಿದ್ದರು. ಕ್ರಮವಾಗಿ ಹಿಗ್ಗುತ್ತ ಕುಗ್ಗುತ್ತ ಮಿನುಗುವ ಸೆಫೀಡ್ ಎಂಬ ತಾರೆಗಳಲ್ಲಿ, ಮಿನುಗಿನ ಅವಧಿ ದೀರ್ಘವಾದಷ್ಟೂ ತಾರೆಯ ನಿಜಪ್ರಕಾಶವೂ ಹೆಚ್ಚು ಎಂಬ ನಿಯಮವನ್ನು ಅವರು 1912ರಲ್ಲಿ ಸ್ಪಷ್ಟಪಡಿಸಿದರು. ದೀಪವೊಂದರ ನಿಜವಾದ ಪ್ರಕಾಶ ತಿಳಿದಿದ್ದರೆ, ಅದೆಷ್ಟು ಮಂಕಾಗಿ ತೋರುತ್ತದೆಂಬುದರಿಂದ ದೂರವನ್ನು ಗಣಿಸಬಹುದಷ್ಟೆ.

ಈ ಕೋಲನ್ನು ಹಿಡಿದು ಹಾರ್ಲೋ ಶಾಪ್ಲಿ ಗೋಳಾಕಾರದ ನಕ್ಷತ್ರಗುಚ್ಛಗಳ ದೂರವನ್ನು ಅಳೆದ. ಮಂಜಿನ ಮೇಲೆ ತಲೆಯೆತ್ತಿದ ಗಿರಿಶಿಖರಗಳಂತಿದ್ದ ಆ ಗುಚ್ಛಗಳು ಸೂರ್ಯನ ಸುತ್ತ ಸಮನಾಗಿ ಹರಡಿರಲಿಲ್ಲ. ಧನುರಾಶಿಯ ಕಡೆಗೇ ಗುಂಪುಗೂಡಿದ್ದುವು. ಕೇಂದ್ರವಿರುವುದು ಅಲ್ಲಿ, ನಾವಿರುವುದು ಬದಿಯಲ್ಲಿ ಎಂದು 1918ರಲ್ಲಿ ಅವನು ಸಾರಿದ. ಸುರುಳಿಯಾಕಾರದ ನೀಹಾರಿಕೆಗಳೂ ನಮ್ಮ ಆಕಾಶಗಂಗೆಯೊಳಗೇ ಇವೆಯೆಂದು ಅವನು ನಂಬಿದ್ದ. ಅವು ಹೊರಗಿನ ಬೇರೆ ಲೋಕಗಳೆಂದು 1920ರ ಪ್ರಸಿದ್ಧ ಚರ್ಚೆಯಲ್ಲಿ ಹೀಬರ್ ಕರ್ಟಿಸ್ ವಾದಿಸಿದ. ಈ ಅಂಶದಲ್ಲಿ ಗೆದ್ದವನು ಕರ್ಟಿಸ್. 1923ರಲ್ಲಿ ಎಡ್ವಿನ್ ಹಬಲ್ ದೇವಯಾನಿ ನೀಹಾರಿಕೆಯಲ್ಲಿ ಸೆಫೀಡ್ ತಾರೆಯೊಂದನ್ನು ಗುರುತಿಸಿದ. ಲೀವಿಟ್‌ರ ನಿಯಮದಿಂದಲೇ ಅದು ನಮ್ಮ ಎಲ್ಲೆಯಾಚೆಗಿನದೆಂದು ಸಿದ್ಧವಾಯಿತು. ಅದನ್ನು ನೋಡಲು ಲೀವಿಟ್ ಉಳಿದಿರಲಿಲ್ಲ. 1921ರಲ್ಲಿಯೇ ಅವರು ತೀರಿಕೊಂಡಿದ್ದರು.

ಗುರುತ್ವದಿಂದ ಬಂಧಿತವಾದ ಇಂಥ ನಕ್ಷತ್ರಸಮೂಹಕ್ಕೆ ಗೆಲಾಕ್ಸಿ ಎಂದು ಹೆಸರು. ಬೆಳಕು ಒಂದು ವರ್ಷದಲ್ಲಿ ಸಾಗುವ ದೂರ ಸುಮಾರು 9.5 ಲಕ್ಷ ಕೋಟಿ ಕಿಲೋಮೀಟರು, ಇದೇ ಜ್ಯೋತಿರ್ವರ್ಷ. ನಮ್ಮ ಗೆಲಾಕ್ಸಿಯ ತಟ್ಟೆಯ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದರಲ್ಲಿರುವ ನಕ್ಷತ್ರಗಳು ಹತ್ತು ಸಾವಿರ ಕೋಟಿಗೆ ಕಡಿಮೆಯಿಲ್ಲ. ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ ಒಂದು ಸಣ್ಣ ಸುರುಳಿತೋಳಿನ ಮಗ್ಗುಲಲ್ಲಿ ನಮ್ಮ ಸೂರ್ಯನ ಬಿಡಾರ. ಅವನು ಒಂದು ಪ್ರದಕ್ಷಿಣೆ ಮುಗಿಸಲು ಸುಮಾರು 23 ಕೋಟಿ ವರ್ಷಗಳು ಬೇಕು. ಕೇಂದ್ರದಲ್ಲಿ ಸುಮಾರು 40 ಲಕ್ಷ ಸೂರ್ಯರಷ್ಟು ತೂಕದ ಕಪ್ಪುಕುಳಿಯಿದೆ. ಅದರ ಚಿತ್ರವು 2022ರಲ್ಲಿ ಪ್ರಕಟವಾಯಿತು.

ಮಹಾಲಯ ಅಮಾವಾಸ್ಯೆಯ ರಾತ್ರಿ ಎಂಟರ ವೇಳೆ ಆಕಾಶ ತಿಳಿಯಾಗಿದ್ದರೆ, ಓದುಗರು ನೈರುತ್ಯದಲ್ಲಿ ಮೂಲಾ ನಕ್ಷತ್ರವನ್ನು ಹುಡುಕಬಹುದು. ಅದರಿಂದ ತುಸು ಬಡಗಣಕ್ಕೆ, ಧೂಳಿನ ಮರೆಯಲ್ಲಿ, ಆ ಕೇಂದ್ರವಿದೆ. ಹೆಸರಿಟ್ಟವರಿಗೆ ಈ ಸಂಗತಿ ತಿಳಿದಿತ್ತೆನ್ನಲು ಆಧಾರವಿಲ್ಲ; ಆದರೂ ಹೆಸರು ಒಪ್ಪುತ್ತದೆ. ಹತ್ತು ಗಂಟೆಯ ಹೊತ್ತಿಗೆ ಈಶಾನ್ಯದಲ್ಲಿ, ಉತ್ತರಾಭಾದ್ರೆಯ ಬಡಗಣಕ್ಕೆ, ಹೊಗೆಯ ಕಲೆಯಂತೆ ತೋರುವುದೇ ದೇವಯಾನಿ. ಅಲ್ಲಿಂದ ಹೊರಟ ಬೆಳಕು 25 ಲಕ್ಷ ವರ್ಷಗಳ ತರುವಾಯ ನಮ್ಮ ಕಣ್ಣನ್ನು ಮುಟ್ಟುತ್ತದೆ. ನಡುವಿನ ಪೀಠ ನಮಗೆ ತಪ್ಪಿತೆಂದು ಮರುಗಬೇಕಾಗಿಲ್ಲ. ಮೂಲೆಯಲ್ಲಿ ಕುಳಿತೇ ಮನೆಯ ವಿಸ್ತಾರವನ್ನೆಲ್ಲ ಅರಿತವರು ನಾವು; ಆ ಅರಿವಿಗೆ ಅಳತೆಗೋಲು ಕೊಟ್ಟದ್ದು ಗಾಜಿನ ಫಲಕಗಳ ಮೇಲೆ ಬಾಗಿದ ಒಬ್ಬಾಕೆಯ ತಾಳ್ಮೆ.