ಫ್ರಾ ಮೌರೊ (ಚಂದ್ರನ ಕುಳಿ)

ಫ್ರಾ ಮೌರೊ ಎಂಬುದು ಚಂದ್ರನ ಮೇಲ್ಮೈಯಲ್ಲಿರುವ, ಬಹಳವಾಗಿ ಸವೆದುಹೋದ ಒಂದು ಪುರಾತನ ಅಪ್ಪಳಿಕೆ ಕುಳಿ. ಇದು ಭೂಮಿಗೆ ಅಭಿಮುಖವಾಗಿರುವ ಪಾರ್ಶ್ವದಲ್ಲಿ, ಸುಮಾರು 6.1° ದಕ್ಷಿಣ ಅಕ್ಷಾಂಶ ಮತ್ತು 17° ಪಶ್ಚಿಮ ರೇಖಾಂಶದಲ್ಲಿದೆ. ವ್ಯಾಸ ಸುಮಾರು 97 ಕಿ.ಮೀ. ಗೋಡೆಯ ಬಹುಭಾಗ ಅಳಿದಿರುವುದರಿಂದ ಇದನ್ನು ಕುಳಿ ಎನ್ನುವುದಕ್ಕಿಂತ ತಗ್ಗಾದ ಗೋಡೆಯಿಂದ ಸುತ್ತುವರಿದ ಬಯಲು ಎಂದೇ ವರ್ಣಿಸುವುದುಂಟು. ಕುಳಿಯ ಸುತ್ತಲೂ ಹರಡಿರುವ ಏರುತಗ್ಗಿನ ಎತ್ತರದ ನೆಲವನ್ನು ಇದೇ ಹೆಸರಿನಿಂದ 'ಫ್ರಾ ಮೌರೊ ಶಿಲಾರಚನೆ' ಎಂದು ಕರೆಯಲಾಗುತ್ತದೆ. 1971ರಲ್ಲಿ ಅಪೊಲೊ 14ರ ಗಗನಯಾತ್ರಿಗಳು ಇಳಿದದ್ದು ಈ ಶಿಲಾರಚನೆಯ ಮೇಲೆ. ಅಲ್ಲಿಂದ ತಂದ ಶಿಲೆಗಳು ಚಂದ್ರನ ಇತಿಹಾಸದ ಕಾಲಗಣನೆಗೆ ಮುಖ್ಯ ಆಧಾರಗಳಲ್ಲಿ ಒಂದಾಗಿವೆ.

ಹೆಸರು

ಈ ಕುಳಿಗೆ 15ನೆಯ ಶತಮಾನದ ವೆನಿಸ್‌ನ ಸಂನ್ಯಾಸಿ ಹಾಗೂ ಭೂಪಟಕಾರ ಫ್ರಾ ಮೌರೊನ ಹೆಸರನ್ನು ಇಡಲಾಗಿದೆ. 'ಫ್ರಾ' ಎಂದರೆ ಇಟಾಲಿಯನ್ ಭಾಷೆಯಲ್ಲಿ ಸಂನ್ಯಾಸಿ ಸಹೋದರ ಎಂದರ್ಥ. ಸುಮಾರು 1450ರಲ್ಲಿ ಆತ ರಚಿಸಿದ ವೃತ್ತಾಕಾರದ ವಿಶ್ವಭೂಪಟವು ಆ ಕಾಲದ ಯುರೋಪಿನ ಭೌಗೋಳಿಕ ತಿಳಿವಳಿಕೆಯ ಸಂಗ್ರಹವೆನಿಸಿದೆ. ಹಿಂದೂ ಮಹಾಸಾಗರವು ನೆಲದಿಂದ ಸುತ್ತುವರಿದ ಮುಚ್ಚಿದ ಕಡಲು ಎಂಬ ಪ್ರಾಚೀನ ಅಭಿಪ್ರಾಯವನ್ನು ಬಿಟ್ಟು, ಅದನ್ನು ತೆರೆದ ಸಾಗರವನ್ನಾಗಿ ಆತ ಚಿತ್ರಿಸಿದ್ದಾನೆ. ಆ ಭೂಪಟದಲ್ಲಿ ದಕ್ಷಿಣ ದಿಕ್ಕು ಮೇಲಕ್ಕಿದೆ.

ಸ್ಥಾನ ಮತ್ತು ನೆರೆಹೊರೆ

ಕುಳಿಯ ನೈಋತ್ಯಕ್ಕೆ ಮಾರೆ ಕಾಗ್ನಿಟಮ್, ವಾಯವ್ಯಕ್ಕೆ ಮಾರೆ ಇನ್ಸುಲಾರಮ್ ಎಂಬ ಲಾವಾ ಬಯಲುಗಳಿವೆ. 'ಮಾರೆ' ಎಂದರೆ ಲ್ಯಾಟಿನ್ ಭಾಷೆಯಲ್ಲಿ ಸಮುದ್ರ. ಆದರೆ ಇಲ್ಲಿ ನೀರಿಲ್ಲ. ಹಿಂದೆ ಹರಿದು ಗಟ್ಟಿಯಾದ ಕಪ್ಪು ಬಸಾಲ್ಟ್ ಲಾವಾ ಇದೆ. 1964ರ ಜುಲೈ 31ರಂದು ಅಮೆರಿಕದ ರೇಂಜರ್ 7 ನೌಕೆ ಮಾರೆ ಕಾಗ್ನಿಟಮ್ ಪ್ರದೇಶಕ್ಕೆ ಅಪ್ಪಳಿಸುವ ಮುನ್ನ 4,300ಕ್ಕೂ ಹೆಚ್ಚು ಛಾಯಾಚಿತ್ರಗಳನ್ನು ಕಳುಹಿಸಿತು. 'ಅರಿತ ಸಮುದ್ರ' ಎಂಬ ಅರ್ಥದ ಈ ಹೆಸರು ಬಂದುದು ಅದರ ನಂತರವೇ.

ಫ್ರಾ ಮೌರೊದ ದಕ್ಷಿಣ ಗೋಡೆಗೆ ಅಂಟಿಕೊಂಡಂತೆ ಎರಡು ಕುಳಿಗಳಿವೆ: ನೈಋತ್ಯದಲ್ಲಿ ಸುಮಾರು 60 ಕಿ.ಮೀ. ವ್ಯಾಸದ ಬೊನ್‌ಪ್ಲಾಂ, ಆಗ್ನೇಯದಲ್ಲಿ ಸುಮಾರು 47 ಕಿ.ಮೀ. ವ್ಯಾಸದ ಪ್ಯಾರಿ. ಮೊದಲನೆಯದು ಫ್ರಾನ್ಸಿನ ಸಸ್ಯವಿಜ್ಞಾನಿ ಎಮೆ ಬೊನ್‌ಪ್ಲಾಂ ಅವರ, ಎರಡನೆಯದು ಬ್ರಿಟನ್ನಿನ ಧ್ರುವಪ್ರದೇಶಗಳ ಅನ್ವೇಷಕ ವಿಲಿಯಂ ಎಡ್ವರ್ಡ್ ಪ್ಯಾರಿ ಅವರ ಹೆಸರನ್ನು ಹೊತ್ತಿವೆ. ಈ ಎರಡೂ ಕುಳಿಗಳ ಗೋಡೆಗಳು ಫ್ರಾ ಮೌರೊದ ಒಳಭಾಗಕ್ಕೆ ಚಾಚಿಕೊಂಡಿವೆ. ಒಂದು ಕುಳಿ ಮತ್ತೊಂದರ ಗೋಡೆಯನ್ನು ಮುರಿದಿದ್ದರೆ ಮುರಿದದ್ದು ಕಿರಿಯದು, ಮುರಿಸಿಕೊಂಡದ್ದು ಹಿರಿಯದು. ಆದ್ದರಿಂದ ಮೂರರಲ್ಲಿ ಫ್ರಾ ಮೌರೊ ಅತ್ಯಂತ ಹಳೆಯದೆಂದು ತಿಳಿಯುತ್ತದೆ.

ರಚನೆ

ಕುಳಿಯ ಗೋಡೆಯು ಎಲ್ಲೆಡೆ ಒಂದೇ ರೀತಿ ಉಳಿದಿಲ್ಲ. ಪ್ಯಾರಿಯೊಡನೆ ಹಂಚಿಕೊಂಡಿರುವ ಆಗ್ನೇಯ ಭಾಗದಲ್ಲಿ ಅದು ಸ್ಪಷ್ಟವಾಗಿದೆ. ಉಳಿದೆಡೆ ತಗ್ಗಾದ, ಅಂಕುಡೊಂಕಾದ ದಿಬ್ಬಗಳ ಸಾಲಷ್ಟೇ ಕಾಣುತ್ತದೆ. ಉತ್ತರ ಮತ್ತು ಪೂರ್ವದಲ್ಲಿ ಗೋಡೆ ಕಡಿದುಹೋಗಿ ಬಾಯ್ದೆರೆದಂತಿದೆ. ಗೋಡೆಯ ಗರಿಷ್ಠ ಎತ್ತರ ಸುಮಾರು 700 ಮೀಟರ್.

ಇಷ್ಟು ದೊಡ್ಡ ಕುಳಿಗಳ ನಡುವೆ ಸಾಮಾನ್ಯವಾಗಿ ಕೇಂದ್ರ ಶಿಖರವಿರುತ್ತದೆ. ಫ್ರಾ ಮೌರೊದಲ್ಲಿ ಅಂತಹ ಶಿಖರ ಕಾಣುವುದಿಲ್ಲ. ಬಹುಮಟ್ಟಿಗೆ ನಡುಭಾಗದಲ್ಲಿರುವುದು 'ಫ್ರಾ ಮೌರೊ ಇ' ಎಂಬ ಕಿರುಕುಳಿ. ಕುಳಿಯ ತಳವನ್ನು ನಂತರದ ಕಾಲದ ಶಿಲಾಚೂರುಗಳೂ ಬಸಾಲ್ಟ್ ಲಾವಾವೂ ತುಂಬಿವೆ.

ತಳದ ಮೇಲೆ ಉತ್ತರ–ದಕ್ಷಿಣವಾಗಿ ಉದ್ದನೆಯ ಸೀಳುಗಳು ಹಾಯ್ದಿವೆ. ಪ್ಯಾರಿ ಸೀಳುಗಳು ಎಂದು ಕರೆಯಲಾಗುವ ಇವು ಫ್ರಾ ಮೌರೊಗೆ ಸೀಮಿತವಾಗಿಲ್ಲ. ಬೊನ್‌ಪ್ಲಾಂ ಮತ್ತು ಪ್ಯಾರಿ ಕುಳಿಗಳ ತಳವನ್ನೂ ಸೀಳಿಕೊಂಡು ಸಾಗುತ್ತವೆ. ಹೊರಪದರವು ಎರಡೂ ಕಡೆಗೆ ಎಳೆಯಲ್ಪಟ್ಟಾಗ ನಡುವಿನ ಪಟ್ಟಿ ಕುಸಿದು ಇಂತಹ ಕಂದಕಗಳು ಉಂಟಾಗುತ್ತವೆ. ಗೋಡೆಗಳನ್ನೂ ತಳವನ್ನೂ ಒಂದೇ ಸಮನೆ ಕತ್ತರಿಸಿರುವುದರಿಂದ ಸೀಳುಗಳು ಅವೆರಡಕ್ಕಿಂತ ಕಿರಿಯವು.

ಸವೆತದ ಕಾರಣಗಳು

ಚಂದ್ರನಲ್ಲಿ ಗಾಳಿ, ಮಳೆ, ನದಿಗಳಿಲ್ಲ. ಹಾಗಿದ್ದೂ ಅಲ್ಲಿನ ಕುಳಿಗಳು ಸವೆಯುತ್ತವೆ. ಇದನ್ನು ಅರಿಯಲು ಫ್ರಾ ಮೌರೊವನ್ನು ಅದರ ಉತ್ತರಕ್ಕೆ ಸುಮಾರು 480 ಕಿ.ಮೀ. ದೂರದಲ್ಲಿರುವ ಕೋಪರ್ನಿಕಸ್ ಕುಳಿಯೊಂದಿಗೆ ಹೋಲಿಸಬಹುದು. ಕೋಪರ್ನಿಕಸ್‌ನ ವ್ಯಾಸ ಸುಮಾರು 93 ಕಿ.ಮೀ. ಅಂದರೆ ಗಾತ್ರದಲ್ಲಿ ಎರಡೂ ಸಮೀಪದವು. ಆದರೆ ಕೋಪರ್ನಿಕಸ್ 3.5 ಕಿ.ಮೀ.ಗಿಂತ ಹೆಚ್ಚು ಆಳವಾಗಿದ್ದು, ಮೆಟ್ಟಿಲು ಮೆಟ್ಟಿಲಾದ ಒಳಗೋಡೆಗಳನ್ನೂ ಕೇಂದ್ರ ಶಿಖರಗಳನ್ನೂ ಸುತ್ತಲೂ ಚಿಮ್ಮಿದ ಬೆಳ್ಳನೆಯ ಕಿರಣಗಳನ್ನೂ ಉಳಿಸಿಕೊಂಡಿದೆ. ಅದರ ವಯಸ್ಸು ಸುಮಾರು 80 ಕೋಟಿ ವರ್ಷಗಳು. ಫ್ರಾ ಮೌರೊ 385 ಕೋಟಿ ವರ್ಷಗಳಿಗಿಂತಲೂ ಹಳೆಯದು.

ಈ ದೀರ್ಘ ಕಾಲದಲ್ಲಿ ಹಲವು ಕ್ರಿಯೆಗಳು ಫ್ರಾ ಮೌರೊದ ರೂಪವನ್ನು ಬದಲಿಸಿವೆ. ಸಣ್ಣ ಉಲ್ಕೆಗಳ ನಿರಂತರ ಹೊಡೆತ ಗೋಡೆಯ ಅಂಚುಗಳನ್ನು ಮೊಂಡಾಗಿಸಿದೆ. ಬೊನ್‌ಪ್ಲಾಂ, ಪ್ಯಾರಿಗಳನ್ನು ಉಂಟುಮಾಡಿದ ಅಪ್ಪಳಿಕೆಗಳು ದಕ್ಷಿಣದ ಗೋಡೆಯನ್ನು ಮುರಿದಿವೆ. ಲಾವಾ ಹರಿದು ತಗ್ಗುಗಳನ್ನು ತುಂಬಿದೆ. ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ತಂದುದು ಬಹು ದೂರದಲ್ಲಿ ನಡೆದ ಬೇರೊಂದು ಘಟನೆ.

ಇಂಬ್ರಿಯಮ್ ಅಪ್ಪಳಿಕೆ ಮತ್ತು ಫ್ರಾ ಮೌರೊ ಶಿಲಾರಚನೆ

ಫ್ರಾ ಮೌರೊದಿಂದ ಉತ್ತರಕ್ಕೆ ಸುಮಾರು 1,200 ಕಿ.ಮೀ. ದೂರದಲ್ಲಿ ಇಂಬ್ರಿಯಮ್ ಜಲಾನಯನದಂತಹ ಬೃಹತ್ ಬೋಗುಣಿಯ ಕೇಂದ್ರವಿದೆ. 1,100 ಕಿ.ಮೀ.ಗೂ ಹೆಚ್ಚು ವ್ಯಾಸದ ಈ ಇಂಬ್ರಿಯಮ್ ಬೋಗುಣಿಯು ಭಾರಿ ಗಾತ್ರದ ಆಕಾಶಕಾಯವೊಂದು ಅಪ್ಪಳಿಸಿದಾಗ ಉಂಟಾಯಿತು. ಆಗ ಸಿಡಿದ ಬಂಡೆ, ಪುಡಿ ಮತ್ತು ಕರಗಿದ ಶಿಲೆ ಎಲ್ಲ ದಿಕ್ಕುಗಳಿಗೂ ಎರಚಿಕೊಂಡು ಸುತ್ತಣ ನೆಲವನ್ನು ಮುಚ್ಚಿದವು. ಆಗಲೇ ಅಸ್ತಿತ್ವದಲ್ಲಿದ್ದ ಫ್ರಾ ಮೌರೊ ಕುಳಿ ಆ ಎರಚಲಿನ ಅಡಿಗೆ ಸಿಕ್ಕಿತು. ಇಂಬ್ರಿಯಮ್ ಕಡೆಗೆ ಮುಖಮಾಡಿರುವ ಉತ್ತರದ ಗೋಡೆ ಇಂದು ಗುರುತು ಸಿಗದಷ್ಟು ಹಾಳಾಗಿರುವುದು ಇದರಿಂದ ಅರ್ಥವಾಗುತ್ತದೆ.

ಹೀಗೆ ಬಂದು ಬಿದ್ದ ಎರಚಲಿನ ಹೊದಿಕೆಯೇ ಫ್ರಾ ಮೌರೊ ಶಿಲಾರಚನೆ ಎಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ದೂರದಿಂದ ಹಾರಿಬಂದ ವಸ್ತು ನೆಲಕ್ಕೆ ಅಪ್ಪಳಿಸುವಾಗ ಸ್ಥಳೀಯ ಮಣ್ಣು–ಕಲ್ಲುಗಳನ್ನೂ ತನ್ನೊಡನೆ ಕಲಸಿಕೊಳ್ಳುತ್ತದೆ. ಆದ್ದರಿಂದ ಈ ಹೊದಿಕೆಯಲ್ಲಿ ಎಷ್ಟು ಪಾಲು ಇಂಬ್ರಿಯಮ್‌ನದು, ಎಷ್ಟು ಪಾಲು ಸ್ಥಳೀಯವಾದುದು ಎಂಬ ವಿಷಯದಲ್ಲಿ ವಿಜ್ಞಾನಿಗಳಲ್ಲಿ ಭಿನ್ನಾಭಿಪ್ರಾಯವಿದೆ.

ಈ ಪ್ರಶ್ನೆಗೆ ಮಹತ್ವ ಬರಲು ಕಾರಣವಿದೆ. ಇಂಬ್ರಿಯಮ್‌ನ ಎರಚಲು ಚಂದ್ರನ ವಿಶಾಲ ಭಾಗದಲ್ಲಿ ಹರಡಿದೆ. ಅದರ ಕೆಳಗಿರುವುದೆಲ್ಲ ಅದಕ್ಕಿಂತ ಹಿರಿಯದು, ಮೇಲಿರುವುದೆಲ್ಲ ಕಿರಿಯದು. ಆ ಹೊದಿಕೆಯ ನಿಖರ ವಯಸ್ಸು ತಿಳಿದರೆ ಚಂದ್ರನ ಇತಿಹಾಸಕ್ಕೆ ಒಂದು ಗಟ್ಟಿಯಾದ ಕಾಲಸೂಚಿ ದೊರೆಯುತ್ತದೆ.

ಅಪೊಲೊ ಯಾನಗಳು

ಫ್ರಾ ಮೌರೊ ಪ್ರದೇಶವನ್ನು ಮೊದಲು ಅಪೊಲೊ 13 ಯಾನದ ಗುರಿಯಾಗಿ ಆಯ್ಕೆ ಮಾಡಲಾಗಿತ್ತು. 1970ರ ಏಪ್ರಿಲ್ 11ರಂದು ಹೊರಟ ಆ ನೌಕೆಯ ಆಮ್ಲಜನಕದ ತೊಟ್ಟಿಯೊಂದು ದಾರಿಯಲ್ಲಿ ಸಿಡಿಯಿತು. ಜೇಮ್ಸ್ ಲೊವೆಲ್, ಜಾಕ್ ಸ್ವಿಗರ್ಟ್ ಮತ್ತು ಫ್ರೆಡ್ ಹೇಸ್ ಚಂದ್ರನನ್ನು ಬಳಸಿಕೊಂಡು ಸುರಕ್ಷಿತವಾಗಿ ಭೂಮಿಗೆ ಮರಳಿದರು. ವೈಜ್ಞಾನಿಕವಾಗಿ ಈ ತಾಣವನ್ನು ಬಿಡಲಾಗದೆಂಬ ಕಾರಣದಿಂದ ಮುಂದಿನ ಯಾನಕ್ಕೂ ಇದೇ ಗುರಿಯನ್ನು ಇರಿಸಲಾಯಿತು.

1971ರ ಫೆಬ್ರವರಿ 5ರಂದು ಅಪೊಲೊ 14ರ ಅಲನ್ ಶೆಪರ್ಡ್ ಮತ್ತು ಎಡ್ಗರ್ ಮಿಚೆಲ್ 'ಅಂಟಾರಿಸ್' ಎಂಬ ನೌಕೆಯಲ್ಲಿ ಇಲ್ಲಿ ಇಳಿದರು. ಸ್ಟುವರ್ಟ್ ರೂಸಾ ಚಂದ್ರನ ಸುತ್ತ ಪರಿಭ್ರಮಿಸುತ್ತಿದ್ದರು. ಅವರು ಕುಳಿಯೊಳಗೆ ಇಳಿದರೆಂದು ತಿಳಿಯುವುದು ಸರಿಯಲ್ಲ. ಇಳಿದ ಸ್ಥಳವು ಕುಳಿಯ ಕೇಂದ್ರದಿಂದ ಉತ್ತರಕ್ಕೆ ಸುಮಾರು 75 ಕಿ.ಮೀ. ದೂರದಲ್ಲಿ, ಗೋಡೆಯ ಹೊರಗಡೆ ಇದೆ.

ಚಂದ್ರನ ಮೇಲ್ಮೈಯನ್ನು ಉಲ್ಕೆಗಳ ಹೊಡೆತದಿಂದಾದ ಸಡಿಲ ಮಣ್ಣು ಮುಚ್ಚಿರುತ್ತದೆ. ಅದರ ಅಡಿಯ ಬಂಡೆ ಸಿಗಬೇಕಾದರೆ ಆಳವಾಗಿ ಅಗೆಯಬೇಕು. ಆ ಕೆಲಸವನ್ನು ಇಲ್ಲಿ ಪ್ರಕೃತಿಯೇ ಮಾಡಿತ್ತು. ಇಳಿದ ಸ್ಥಳದಿಂದ ಒಂದು ಕಿಲೋಮೀಟರಿಗಿಂತ ತುಸು ದೂರದ ದಿಬ್ಬದ ಮೇಲೆ ಸುಮಾರು 340 ಮೀಟರ್ ವ್ಯಾಸದ 'ಕೋನ್' ಎಂಬ ಕಿರಿಯ ಕುಳಿಯಿದೆ. ಅದನ್ನು ಉಂಟುಮಾಡಿದ ಅಪ್ಪಳಿಕೆಯು ಒಳಗಿನ ಶಿಲೆಯನ್ನು ಹೊರಗೆಸೆದಿತ್ತು. ಎರಡನೆಯ ನಡಿಗೆಯಲ್ಲಿ ಶೆಪರ್ಡ್ ಮತ್ತು ಮಿಚೆಲ್ ಉಪಕರಣಗಳ ಕೈಬಂಡಿಯನ್ನು ಎಳೆದುಕೊಂಡು ಆ ದಿಬ್ಬವನ್ನು ಏರಿದರು. ಒಂದೇ ತೆರನಾದ ಏರುತಗ್ಗುಗಳ ನಡುವೆ ದಿಕ್ಕು ತಿಳಿಯದೆ, ಸಮಯವೂ ಮೀರುತ್ತಿದ್ದುದರಿಂದ, ಕುಳಿಯ ಅಂಚನ್ನು ಕಾಣದೆಯೇ ಹಿಂದಿರುಗಿದರು. ಅಂಚಿನಿಂದ ಅವರು ಕೇವಲ 30 ಮೀಟರ್‌ಗಳಷ್ಟು ದೂರದಲ್ಲಿದ್ದರೆಂದು ನಂತರದ ಚಿತ್ರಗಳ ಪರಿಶೀಲನೆಯಿಂದ ತಿಳಿದುಬಂದಿತು. ಆದರೂ ಬೇಕಾದ ಶಿಲೆಗಳು ಅವರಿಗೆ ಅಲ್ಲಿ ದೊರೆತಿದ್ದವು.

ಮಿಚೆಲ್ ನೆಲಕ್ಕೆ ಸಣ್ಣ ಸಿಡಿತಗಳಿಂದ ಕಂಪನ ನೀಡಿ ನಡೆಸಿದ ಪ್ರಯೋಗದಿಂದ, ಇಳಿದ ತಾಣದಲ್ಲಿ ಸಡಿಲ ಮಣ್ಣಿನ ಪದರವು ಸುಮಾರು 8.5 ಮೀಟರ್ ದಪ್ಪವಿದೆಯೆಂದು ತಿಳಿಯಿತು. ಅಲ್ಲಿ ಇರಿಸಿದ ಲೇಸರ್ ಪ್ರತಿಫಲಕವು ಭೂಮಿ–ಚಂದ್ರರ ನಡುವಿನ ದೂರವನ್ನು ಅಳೆಯಲು ಇಂದಿಗೂ ಬಳಕೆಯಲ್ಲಿದೆ.

ಶಿಲಾ ಮಾದರಿಗಳು

ಅಪೊಲೊ 14 ಸುಮಾರು 42 ಕಿ.ಗ್ರಾಂ. ಮಾದರಿಗಳನ್ನು ತಂದಿತು. ಇವುಗಳಲ್ಲಿ ಹೆಚ್ಚಿನವು ಬ್ರೆಷಿಯಾ ಶಿಲೆಗಳು, ಅಂದರೆ ಒಡೆದ ಹಳೆಯ ಕಲ್ಲುಗಳ ಚೂರುಗಳು ಅಪ್ಪಳಿಕೆಯ ಶಾಖ ಮತ್ತು ಒತ್ತಡದಿಂದ ಮತ್ತೆ ಬೆಸೆದುಕೊಂಡು ಆದವು. ಪೊಟ್ಯಾಸಿಯಮ್, ವಿರಳ ಭೂಧಾತುಗಳು ಮತ್ತು ರಂಜಕ ಹೇರಳವಾಗಿರುವ 'ಕ್ರೀಪ್' ಎಂಬ ಬಗೆಯ ವಸ್ತು ಇವುಗಳಲ್ಲಿ ಅಧಿಕವಾಗಿದೆ. ಆದಿಯಲ್ಲಿ ಕರಗಿದ ಸ್ಥಿತಿಯಲ್ಲಿದ್ದ ಚಂದ್ರನು ತಣಿಯುವಾಗ ಕೊನೆಯದಾಗಿ ಉಳಿದ ದ್ರವದಿಂದ ಇದು ಬಂದಿತೆಂದು ಭಾವಿಸಲಾಗಿದೆ.

ಸುಮಾರು 9 ಕಿ.ಗ್ರಾಂ. ತೂಗುವ, 'ಬಿಗ್ ಬರ್ತಾ' ಎಂಬ ಅಡ್ಡಹೆಸರಿನ 14321ನೆಯ ಮಾದರಿಯು ಕೋನ್ ಕುಳಿಯ ಅಂಚಿನ ಬಳಿ ದೊರೆಯಿತು. ಅದರೊಳಗಿನ ಒಂದು ಚೂರು ಭೂಮಿಯಲ್ಲಿ ರೂಪುಗೊಂಡು, ಅಪ್ಪಳಿಕೆಯೊಂದರಿಂದ ಚಂದ್ರನಿಗೆ ಚಿಮ್ಮಿರಬಹುದೆಂದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಚಿಸಿತು. ಇದು ಇನ್ನೂ ಚರ್ಚೆಯಲ್ಲಿರುವ ವಿಷಯ.

ವಿಕಿರಣಶೀಲ ಧಾತುಗಳ ಆಧಾರದ ಕಾಲನಿರ್ಣಯದಿಂದ ಇಂಬ್ರಿಯಮ್ ಅಪ್ಪಳಿಕೆಯು ಸುಮಾರು 385ರಿಂದ 392 ಕೋಟಿ ವರ್ಷಗಳ ಹಿಂದೆ ನಡೆಯಿತೆಂದು ಲೆಕ್ಕಹಾಕಲಾಗಿದೆ. ಕೋನ್ ಕುಳಿಯ ವಯಸ್ಸು ಕೇವಲ 2.5 ಕೋಟಿ ವರ್ಷಗಳೆಂದು, ಅದರ ಕಲ್ಲುಗಳು ವಿಶ್ವಕಿರಣಗಳಿಗೆ ಒಡ್ಡಿಕೊಂಡಿದ್ದ ಅವಧಿಯಿಂದ ತಿಳಿದುಬಂದಿದೆ. ಹೀಗೆ ವಯಸ್ಸು ತಿಳಿದ ನೆಲದ ಮೇಲೆ ಎಷ್ಟು ಕುಳಿಗಳಿವೆ ಎಂದು ಎಣಿಸಿ, ಆ ಪ್ರಮಾಣವನ್ನು ಮಾನದಂಡವಾಗಿರಿಸಿಕೊಂಡು ಚಂದ್ರನ ಇತರ ಭಾಗಗಳ, ಮಂಗಳ ಮತ್ತು ಬುಧ ಗ್ರಹಗಳ ಮೇಲ್ಮೈಗಳ ವಯಸ್ಸನ್ನು ಅಂದಾಜಿಸಲಾಗುತ್ತದೆ.

ವೀಕ್ಷಣೆ

ಸಣ್ಣ ದೂರದರ್ಶಕದಿಂದಲೂ ಫ್ರಾ ಮೌರೊವನ್ನು ನೋಡಬಹುದು. ಗೋಡೆ ತಗ್ಗಾಗಿರುವುದರಿಂದ ಸೂರ್ಯನ ಬೆಳಕು ಓರೆಯಾಗಿ ಬೀಳುವ ದಿನಗಳಲ್ಲಿ ಮಾತ್ರ ಅದರ ಆಕಾರ ತಿಳಿಯುತ್ತದೆ. ಶುಕ್ಲ ಪಕ್ಷದ ನವಮಿ–ದಶಮಿಗಳ ಸುಮಾರಿಗೆ ಬೆಳಕು–ಕತ್ತಲೆಗಳ ಗಡಿ ಈ ಪ್ರದೇಶದ ಬಳಿ ಇರುತ್ತದೆ. ಆಗ ದಿಬ್ಬಗಳ ನೆರಳು ಉದ್ದವಾಗಿ ಬಿದ್ದು ಕುಳಿಯ ಉಂಗುರ ಹಾಗೂ ತಳದ ಸೀಳುಗಳು ಗೋಚರಿಸುತ್ತವೆ. ಬೊನ್‌ಪ್ಲಾಂ ಮತ್ತು ಪ್ಯಾರಿಗಳನ್ನು ಮೊದಲು ಗುರುತಿಸಿಕೊಂಡರೆ ಅವುಗಳ ಉತ್ತರಕ್ಕೆ ಇದನ್ನು ಕಂಡುಹಿಡಿಯುವುದು ಸುಲಭ. ಹುಣ್ಣಿಮೆಯ ದಿನ ನೆರಳುಗಳಿಲ್ಲದ ಕಾರಣ ಕುಳಿಯನ್ನು ಗುರುತಿಸುವುದು ಕಷ್ಟ.